ಪೊರೆ ಎಲ್ಲಿದೆ ಮೇಡಂ?

ಜೀವಕೋಶದ ಪಾಠವನ್ನು ಹಲವು ವರ್ಷ ನಾನು ಒಂದು ಕೋಷ್ಟಕದಿಂದಲೇ ಶುರು ಮಾಡುತ್ತಿದ್ದೆ. ಕಾರ್ಬೋಹೈಡ್ರೇಟ್, ಲಿಪಿಡ್, ಪ್ರೋಟೀನ್, ನ್ಯೂಕ್ಲಿಕ್ ಆಮ್ಲ. ಯಾವುದರಿಂದ ಆಗಿದೆ, ಏನು ಕೆಲಸ, ಒಂದು ಉದಾಹರಣೆ. ಮಕ್ಕಳು ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು, ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಿದ್ದರು. ಒಂದು ತಿಂಗಳು ಬಿಟ್ಟು ಕೇಳಿದರೆ ಎಲ್ಲವೂ ಕಲಸಿಹೋಗಿರುತ್ತಿತ್ತು.

ಇದನ್ನು ಬದಲಿಸಿದ್ದು ಒಬ್ಬ ಹುಡುಗಿಯ ಪ್ರಶ್ನೆ. ಈರುಳ್ಳಿ ಪದರದ ಸ್ಲೈಡ್ ತೋರಿಸುತ್ತಿದ್ದೆ. ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಕೇಳಿದಳು: "ಈ ಗೆರೆ ಕೋಶಭಿತ್ತಿ ಅಂದ್ರಿ. ಹಾಗಾದ್ರೆ ಪೊರೆ ಎಲ್ಲಿದೆ ಮೇಡಂ?"

ನ್ಯಾಯವಾದ ಪ್ರಶ್ನೆ. ಗೋಡೆಯ ಒಳಗೆ ಕೋಶವನ್ನು ಸುತ್ತುವರಿದಿರುವ ತೆಳು ಹೊದಿಕೆಯೇ ಕೋಶಪೊರೆ. ಅದರ ದಪ್ಪ 5ರಿಂದ 10 ನ್ಯಾನೋಮೀಟರ್ ಅಷ್ಟೆ. ಬೆಳಕಿನ ಮೈಕ್ರೋಸ್ಕೋಪಿಗೆ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರ ಇರುವ ಎರಡು ಚುಕ್ಕೆಗಳನ್ನು ಬಿಡಿಸಿ ತೋರಿಸುವ ಶಕ್ತಿ ಇಲ್ಲ. ಅದರ ಮೇಲೆ, ಪೊರೆ ಗೋಡೆಗೆ ಒತ್ತಿಕೊಂಡೇ ಇರುತ್ತದೆ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕ್ ಚೂರಿನಲ್ಲಿ ಕಂಡದ್ದೂ ಗೋಡೆಗಳನ್ನೇ, 'ಸೆಲ್' ಎಂದು ಕರೆದದ್ದು ಅವುಗಳ ನಡುವಿನ ಖಾಲಿ ಗೂಡುಗಳನ್ನು. ಒಳಗಿನ ಜೀವ ಯಾವಾಗಲೋ ಹೋಗಿತ್ತು. ಅಂದರೆ ಪೊರೆ ಇದೆ ಅಂತ ಹೇಳುತ್ತಿದ್ದೆನೇ ಹೊರತು ನಾನು ಅದನ್ನು ತೋರಿಸಿರಲೇ ಇಲ್ಲ.

ಮಾರನೇ ದಿನ ಕೆಂಪು ಈರುಳ್ಳಿ ತೆಗೆದುಕೊಂಡು ಹೋದೆ. ಒಣ ಸಿಪ್ಪೆ ತೆಗೆದ ಮೇಲೆ ಸಿಗುವ ರಸಭರಿತ ಪದರದ ಹೊರಮೈಯಲ್ಲಿ ಬಣ್ಣದ ತೆಳು ಚರ್ಮ ಇರುತ್ತದೆ. ಅದನ್ನೇ ಬಿಡಿಸಬೇಕು. ಒಳಮೈಯ ಚರ್ಮ ಸುಲಭವಾಗಿ ಬರುತ್ತದೆ ನಿಜ, ಆದರೆ ಅದಕ್ಕೆ ಬಣ್ಣ ಇಲ್ಲ. ನಮಗೆ ಬೇಕಾದದ್ದು ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ರಸದ ಚೀಲದಲ್ಲಿ, ತುಂಬಿರುವ ನೇರಳೆ ಬಣ್ಣ. ಚಿಕ್ಕ ಚೂರನ್ನು ನೀರಿನ ಹನಿಯಲ್ಲಿಟ್ಟು ಕವರ್ ಸ್ಲಿಪ್ ಮುಚ್ಚಿದೆ. ಆಮೇಲೆ 100 ಮಿ.ಲೀ. ನೀರಿಗೆ 5 ಗ್ರಾಂ ಉಪ್ಪು ಹಾಕಿದ ದ್ರಾವಣವನ್ನು ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಬಿಟ್ಟು, ಇನ್ನೊಂದು ಅಂಚಿನಿಂದ ಫಿಲ್ಟರ್ ಪೇಪರಿನಲ್ಲಿ ನೀರು ಎಳೆದೆ.

ಕೆಲವೇ ನಿಮಿಷ. ಇಟ್ಟಿಗೆಯಂತೆ ತುಂಬಿಕೊಂಡಿದ್ದ ಬಣ್ಣ ಮೊದಲು ಮೂಲೆಗಳಿಂದ ಬಿಟ್ಟುಕೊಂಡಿತು. ಮೂಲೆ ದುಂಡಗಾಯಿತು, ಬಣ್ಣ ಗಾಢವಾಯಿತು, ಕೊನೆಗೆ ಗೋಡೆಯ ಚೌಕಟ್ಟಿನ ನಡುವೆ ಒಂದು ನೇರಳೆ ಉಂಡೆ ಉಳಿಯಿತು. ಗೋಡೆ ಇದ್ದ ಹಾಗೇ ಇತ್ತು. ಆ ಉಂಡೆಯ ನುಣುಪಾದ ಅಂಚಿನ ಕಡೆ ಬೆರಳು ತೋರಿಸಿ "ಅಲ್ಲಿದೆ ನೋಡು ಪೊರೆ" ಎಂದೆ. ಅಂಚು ಕಂಡಿತು, ದಪ್ಪ ಕಾಣಲಿಲ್ಲ. ಅದನ್ನೂ ಹೇಳಿದೆ.

ಈಗ ಪ್ರತಿ ವರ್ಷ ಇಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತೇನೆ: ಉಂಡೆಗೂ ಗೋಡೆಗೂ ನಡುವೆ ಏನಿದೆ? ಜಾಸ್ತಿ ಮಕ್ಕಳು ಗಾಳಿ ಅಂತಾರೆ, ಕೆಲವರು ಖಾಲಿ ಅಂತಾರೆ. ಅಲ್ಲಿರುವುದು ನಾವು ಹಾಕಿದ ಉಪ್ಪುನೀರು. ಗೋಡೆ ಉಪ್ಪನ್ನು ತಡೆಯುವುದಿಲ್ಲ, ಪೊರೆ ತಡೆಯುತ್ತದೆ. ಆದರೆ ಒಳಗಿನ ನೀರು ಪೊರೆ ದಾಟಿ ಉಪ್ಪಿನ ಕಡೆ ಹೊರಟುಹೋಗುತ್ತದೆ, ಅದಕ್ಕೇ ಉಂಡೆ ಕುಗ್ಗುವುದು. ಈ ಉತ್ತರ ತಲೆಗೆ ಹೋದರೆ ಅರ್ಧ ಪಾಠ ಮುಗಿದಂತೆ. ತಡಮಾಡದೆ ಉಪ್ಪುನೀರು ತೆಗೆದು ಬರೀ ನೀರು ಬಿಟ್ಟರೆ ಉಂಡೆ ಮತ್ತೆ ಉಬ್ಬಿ ಗೋಡೆಗೆ ತಾಗುತ್ತದೆ. ಇನ್ನೊಂದು ಚೂರನ್ನು 70 ಡಿಗ್ರಿ ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿ ಇದನ್ನೇ ಮಾಡಿದರೆ ಬಣ್ಣ ಹೊರಗೆ ಸೋರಿ ಹೋಗಿರುತ್ತದೆ, ಕುಗ್ಗಲು ಒಳಗೆ ಏನೂ ಉಳಿದಿರುವುದಿಲ್ಲ. ಬದುಕಿರುವ ಕೋಶಕ್ಕೂ ಸತ್ತ ಕೋಶಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ಹತ್ತಿರದಿಂದ ತೋರಿಸುವ ಬೇರೆ ಪ್ರಯೋಗ ನನಗಂತೂ ಸಿಕ್ಕಿಲ್ಲ.

ಅಲ್ಲಿಂದ ನನ್ನ ಪಾಠದ ದಾರಿ ಬದಲಾಯಿತು. ಯಾವ ಅಣು ಬಂದರೂ ಮೊದಲ ಪ್ರಶ್ನೆ ಒಂದೇ: ಇದಕ್ಕೂ ನೀರಿಗೂ ಹೇಗೆ? ಕೋಶದ ತೂಕದಲ್ಲಿ ನೂರಕ್ಕೆ ಸುಮಾರು 70 ಭಾಗ ನೀರೇ ಅಲ್ವಾ. ಅದರೊಳಗೆ ಬದುಕುವ ಅಣುಗಳು ನೀರಿನ ಜೊತೆ ಹೇಗಾದರೂ ಹೊಂದಿಕೊಳ್ಳಲೇಬೇಕು.

ಪೊರೆಯನ್ನು ಕಟ್ಟುವುದು ಫಾಸ್ಫೊಲಿಪಿಡ್ ಎಂಬ ಕೊಬ್ಬಿನಂಥ ಅಣು. ಅದಕ್ಕೆ ನೀರು ಬೇಕೆನ್ನುವ ತಲೆ ಒಂದು, ನೀರು ಬೇಡವೆನ್ನುವ ಬಾಲ ಎರಡು. ನೀರಿಗೆ ಬಿಟ್ಟರೆ ಬಾಲಗಳು ಒಳಮುಖವಾಗಿ ತಲೆಗಳು ಹೊರಮುಖವಾಗಿ ತಾವೇ ಜೋಡಿ ಪದರ ಕಟ್ಟಿಕೊಳ್ಳುತ್ತವೆ. ಯಾರೂ ಹೊಲಿಯಬೇಕಿಲ್ಲ. 1925ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬ ವಿಜ್ಞಾನಿಗಳು ಕೆಂಪು ರಕ್ತಕಣಗಳ ಲಿಪಿಡ್ ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಕಣಗಳ ಮೈಯಳತೆಯ ಸುಮಾರು ಎರಡು ಪಟ್ಟು ಬಂತು. ಅಂದರೆ ಪೊರೆಯಲ್ಲಿ ಲಿಪಿಡ್ ಎರಡು ಪದರ ಇದೆ. ಅವರ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು, ಒಂದನ್ನೊಂದು ಸರಿದೂಗಿಸಿಬಿಟ್ಟವು. ಉತ್ತರ ಮಾತ್ರ ಸರಿಯಾಗಿತ್ತು. ನಾನು ಇದನ್ನು ಬಿಡದೆ ಹೇಳುತ್ತೇನೆ.

ಹಾಗಾದರೆ ಉಪ್ಪು ನುಗ್ಗದ ಪೊರೆಯಲ್ಲಿ ನೀರು ಅಷ್ಟು ಬೇಗ ಹೇಗೆ ಹೊರಟಿತು? ಪ್ರೋಟೀನ್ ಪಾಠ ಶುರುವಾಗುವುದು ಇಲ್ಲೇ. ಸ್ವಲ್ಪ ನೀರು ಲಿಪಿಡ್ ಪದರದಲ್ಲೇ ನುಸುಳುತ್ತದೆ. ಉಳಿದದ್ದಕ್ಕೆ ಅಕ್ವಾಪೋರಿನ್ ಎಂಬ ಪ್ರೋಟೀನ್ ಬಾಗಿಲುಗಳಿವೆ. ಅವನ್ನು ಗುರುತಿಸಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಪ್ರೋಟೀನನ್ನು ಕಟ್ಟುವ 20 ಬಗೆಯ ಅಮೈನೋ ಆಮ್ಲಗಳಲ್ಲಿ ನೀರಿಗೆ ಒಗ್ಗುವವೂ ಇವೆ, ಒಗ್ಗದವೂ ಇವೆ. ನೀರಿನಲ್ಲಿರುವ ಪ್ರೋಟೀನ್ ಮಡಚಿಕೊಳ್ಳುವಾಗ ಒಗ್ಗದವು ಸಾಮಾನ್ಯವಾಗಿ ಒಳಗೆ ಸೇರುತ್ತವೆ. ಪೊರೆಯಲ್ಲಿ ಕೂರುವ ಪ್ರೋಟೀನ್ ಅವನ್ನೇ ಲಿಪಿಡ್ ಬಾಲಗಳ ಕಡೆಗೆ ಇಟ್ಟುಕೊಂಡಿರುತ್ತದೆ.

ಮುಂದೆ ನ್ಯೂಕ್ಲಿಕ್ ಆಮ್ಲ. ಈರುಳ್ಳಿಯಿಂದ ಡಿಎನ್‌ಎ ಹೊರತೆಗೆದು ತೋರಿಸುವ ಪ್ರಯೋಗದಲ್ಲಿ ಮೊದಲ ಸಲ ಸೋತೆ. ಈರುಳ್ಳಿಯನ್ನು ಮಿಕ್ಸಿಯಲ್ಲಿ ತುಂಬಾ ಹೊತ್ತು ರುಬ್ಬಿದ್ದೆ, ಆಲ್ಕೋಹಾಲ್ ತಣ್ಣಗಿರಲಿಲ್ಲ, ಅದನ್ನು ಹಾಕಿ ಕಲಕಿಯೂ ಬಿಟ್ಟೆ. ಸಿಕ್ಕಿದ್ದು ಬರೀ ಮಬ್ಬು ನೀರು. ಉದ್ದದ ಎಳೆಗಳನ್ನು ನಾನೇ ತುಂಡು ಮಾಡಿದ್ದೆ. ಎರಡನೇ ಸಲ ಕೆಲವೇ ಸೆಕೆಂಡು ರುಬ್ಬಿದೆ. ಪಾತ್ರೆ ತೊಳೆಯುವ ದ್ರವ ಮತ್ತು ಉಪ್ಪು ಸೇರಿಸಿ ನಿಧಾನಕ್ಕೆ ತಿರುಗಿಸಿ ಸೋಸಿದೆ. ಆಲ್ಕೋಹಾಲನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಟ್ಟಿದ್ದೆ. ಪ್ರನಾಳ ಓರೆ ಮಾಡಿ ಗಾಜಿನ ಮೈಮೇಲಿಂದ ಇಳಿಬಿಟ್ಟೆ, ಹತ್ತಿರ ಬೆಂಕಿ ಇಲ್ಲದಂತೆ ನೋಡಿಕೊಂಡು. ಎರಡು ಪದರ ಸೇರುವ ಕಡೆ ಬಿಳಿ ನೂಲು ಮೇಲೇಳತೊಡಗಿತು.

ಇಲ್ಲೂ ಅದೇ ಪ್ರಶ್ನೆ. ಸೋಪಿಗೂ ನೀರು ಒಪ್ಪುವ ತುದಿ, ಒಪ್ಪದ ತುದಿ ಎರಡೂ ಇವೆ, ಅದಕ್ಕೇ ಅದು ಪೊರೆಯನ್ನು ಬಿಚ್ಚುತ್ತದೆ. ಡಿಎನ್‌ಎ ಬೆನ್ನೆಲುಬಿನ ಫಾಸ್ಫೇಟುಗಳಲ್ಲಿ ಋಣ ವಿದ್ಯುದಂಶ ಇರುವುದರಿಂದ ಅದು ನೀರಿನಲ್ಲಿ ಕರಗಿರುತ್ತದೆ. ಉಪ್ಪಿನ ಸೋಡಿಯಂ ಆ ವಿದ್ಯುದಂಶವನ್ನು ತಣಿಸುತ್ತದೆ, ಆಲ್ಕೋಹಾಲ್ ನೀರಿನ ಹಿಡಿತ ಸಡಿಲಿಸುತ್ತದೆ, ಡಿಎನ್‌ಎ ಹೊರಗೆ ಬೀಳುತ್ತದೆ. ಆ ನೂಲು ಶುದ್ಧ ಡಿಎನ್‌ಎ ಅಲ್ಲ. ಆರ್‌ಎನ್‌ಎ, ಪ್ರೋಟೀನ್, ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟು ಕೂಡ ಅದಕ್ಕೆ ಅಂಟಿಕೊಂಡಿರುತ್ತವೆ. ಇದನ್ನು ಮಕ್ಕಳಿಂದ ಮುಚ್ಚಿಡಬಾರದು.

ಆ ಹಳೆಯ ಕೋಷ್ಟಕವನ್ನು ಈಗಲೂ ಬರೆಸುತ್ತೇನೆ, ಆದರೆ ಕೊನೆಯ ದಿನ, ಮಕ್ಕಳ ಕೈಯಿಂದಲೇ. ಹೋದ ಸಲ ಕೋಶಭಿತ್ತಿಯನ್ನು ಕಟ್ಟುವ ಸೆಲ್ಯುಲೋಸ್ ಹತ್ತಿರ ಜಗಳವೇ ಶುರುವಾಯಿತು. ಗ್ಲೂಕೋಸಿನಿಂದಲೇ ಆಗಿದೆ, ಗ್ಲೂಕೋಸ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಇದು ಯಾಕೆ ಕರಗಲ್ಲ? ಸೆಲ್ಯುಲೋಸಿನ ನೇರ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ, ಅವುಗಳ ನಡುವೆ ನುಗ್ಗಿ ಬಿಡಿಸಲು ನೀರಿಗೆ ಆಗುವುದಿಲ್ಲ ಎಂದೆ. ಹಿಂದಿನ ಬೆಂಚಿನ ಹುಡುಗ ಕೇಳಿದ: "ಅದಕ್ಕೇನಾ ಮೇಡಂ, ಉಪ್ಪುನೀರು ಹಾಕಿದಾಗ ಗೋಡೆ ಅಲ್ಲಾಡದೆ ನಿಂತಿದ್ದು?"

ಅದಕ್ಕೇ.