ಕ್ಷೌರದ ಕತ್ತಿ ಮಸೆಯುವ ಮೊದಲು ಕಲ್ಲಿನ ಮಟ್ಟ ನೋಡಿ

ಮೈಸೂರಿನ ಹಳೆ ಮನೆಗಳಿಂದ ಅಜ್ಜನ ಕಾಲದ ಕ್ಷೌರದ ಕತ್ತಿಗಳು ನನ್ನ ಹತ್ತಿರ ರಿಪೇರಿಗೆ ಬರುತ್ತವೆ. ಜರ್ಮನಿಯ ಜೋಲಿಂಗೆನ್‌ನಲ್ಲೋ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲೋ ಮಾಡಿದ ಒಳ್ಳೆಯ ಉಕ್ಕು. ಆದರೆ ಬಾಯಿ ಮುಕ್ಕಾಗಿರುತ್ತದೆ. ತಂದವರು ಮೊದಲು ಕೇಳುವುದು, ‘ಯಾವ ಕಲ್ಲು ತಗೋಬೇಕು ಸಾರ್?’ ಅಂತ. ಯಾವುದೇ ಇರಲಿ, ಮೊದಲು ಅದು ಮಟ್ಟವಾಗಿರಬೇಕು ಅನ್ನುತ್ತೇನೆ.

ಅಡುಗೆಮನೆ ಚಾಕುವನ್ನು ಓರೆ ಹಿಡಿದು ಮಸೆಯುತ್ತೇವೆ, ಅಲ್ವಾ? ಕ್ಷೌರದ ಕತ್ತಿಯನ್ನು ಬೆನ್ನು, ಬಾಯಿ ಎರಡೂ ತಾಗುವಂತೆ ಕಲ್ಲಿನ ಮೇಲೆ ಮಲಗಿಸಬೇಕು. ಓರೆ ಎಷ್ಟು ಅನ್ನುವುದನ್ನು ಬೆನ್ನಿನ ದಪ್ಪವೇ ತೀರ್ಮಾನಿಸುತ್ತದೆ. ಕಲ್ಲಿನ ನಡು ತಗ್ಗಾಗಿದ್ದರೆ ಕತ್ತಿ ಅಂಚುಗಳ ಮೇಲೆ ನಿಲ್ಲುತ್ತದೆ. ಆಗ ನಡುಭಾಗಕ್ಕೆ ಹರಿತ ಬರುವುದೇ ಇಲ್ಲ.

ಕಲ್ಲುಗಳ ವಿಷಯ ಸರಳ. ಸಣ್ಣ ಮುಕ್ಕು ತೆಗೆಯಲು, ಬಾಯಿ ಕೂಡಿಸಲು (ಎರಡೂ ಬದಿಯ ಓರೆ ತುದಿಯಲ್ಲಿ ಸೇರುವಂತೆ ಮಾಡಲು) 1000 ಗ್ರಿಟ್; ಈ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ. ಆಮೇಲೆ 4000, 8000. ಕೊನೆಗೆ 12000 ಇದ್ದರೆ ಒಳ್ಳೆಯದು. ಸಂತೆಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಮಚ್ಚಿಗೆ, ಕುಡುಗೋಲಿಗೆ ಸರಿ. ಇದಕ್ಕೆ ಅದು ತೀರಾ ಒರಟು.

ಮಟ್ಟ ಮಾಡಲು ವಜ್ರದ ಪ್ಲೇಟ್ ಸಿಗುತ್ತದೆ, ಬೆಲೆ ಜಾಸ್ತಿ. ನಾನು ಬಳಸುವುದು ಗ್ರಾನೈಟ್ ತುಂಡು. ಅಡುಗೆಮನೆ ಕಟ್ಟೆಯಲ್ಲಿ ಸಿಂಕ್‌ಗೆ ಕೊರೆದು ತೆಗೆದ ತುಂಡನ್ನು ಗ್ರಾನೈಟ್ ಕೆಲಸದವರನ್ನು ಕೇಳಿ ಪಡೆದೆ. ಪಾಲಿಶ್ ಆದ ಮುಖ ಮೇಲಿರಬೇಕು. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು, ಕೆಳಗೆ ಬೆಳಕು ತೂರುವುದಿಲ್ಲ ಅಂತ ನೋಡಿಕೊಂಡೆ. ಅದರ ಮೇಲೆ ನೀರು ಹಾಕಿ ವಾಟರ್ ಪೇಪರ್ (ನೆನೆದರೂ ಹಾಳಾಗದ ಉಜ್ಜುಕಾಗದ) ಅಂಟಿಸುತ್ತೇನೆ. 1000ದ ಕಲ್ಲಿಗೆ 220ರ ಪೇಪರ್, ನಯವಾದ ಕಲ್ಲುಗಳಿಗೆ ಕೊನೆಯಲ್ಲಿ 600.

ಮಸೆಯುವ ಕಲ್ಲಿನ ಮುಖದ ತುಂಬ ಪೆನ್ಸಿಲಿನಿಂದ ಚೌಕಳಿ ಗೆರೆ ಎಳೆದು ಆ ಪೇಪರ್ ಮೇಲೆ ಉಜ್ಜಬೇಕು. ಉಬ್ಬಿದ ಕಡೆಯ ಗೆರೆ ಮೊದಲು ಹೋಗುತ್ತದೆ, ತಗ್ಗಿನದು ಉಳಿಯುತ್ತದೆ. ಎಲ್ಲ ಹೋದ ಮೇಲೂ ಮತ್ತೊಮ್ಮೆ ಗೆರೆ ಎಳೆದು ಉಜ್ಜಿ. ಈ ಸಲ ಎಲ್ಲ ಕಡೆ ಒಟ್ಟಿಗೇ ಅಳಿಸಿಹೋದರೆ ಮಾತ್ರ ಮಟ್ಟ ಬಂದಿದೆ ಅಂತ ನಂಬುತ್ತೇನೆ. ಹೊಸ ಕಲ್ಲಿಗೂ ಇದನ್ನು ಬಿಡುವುದಿಲ್ಲ. ನಾಲ್ಕೂ ಅಂಚಿನ ಚೂಪನ್ನು ಸ್ವಲ್ಪ ಮುರಿಯಬೇಕು, ಇಲ್ಲದಿದ್ದರೆ ಅದೇ ಬಾಯಿಯನ್ನು ಮುಕ್ಕು ಮಾಡುತ್ತದೆ. ಆಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. 220ರ ಒಂದೇ ಒಂದು ಕಣ 8000ದ ಮೇಲೆ ಉಳಿದರೂ ಬಾಯಿಗೆ ಗೀರು ಬೀಳುತ್ತದೆ.

ಕತ್ತಿಯ ಬಾಯಿಗೆ ಮಾರ್ಕರ್ ಮಸಿ ಹಚ್ಚಿ, ಹಗುರವಾಗಿ ಒಂದು ಸಲ ಎಳೆದು ನೋಡುತ್ತೇನೆ. ಮಸಿ ಎಲ್ಲೋ ಉಳಿದರೆ ಆ ಜಾಗ ಕಲ್ಲಿಗೆ ತಾಗಿಲ್ಲ. ಕಲ್ಲು ಮಟ್ಟವಿದೆ ಅಂತ ಖಾತ್ರಿ ಇದ್ದಾಗ ಮಾತ್ರ, ಕತ್ತಿಯೇ ಸೊಟ್ಟಗಿದೆ ಎಂದು ತಂದವರಿಗೆ ಧೈರ್ಯವಾಗಿ ಹೇಳಬಹುದು.