ಯಜ್ದ್‌ನ ದೌಲತಾಬಾದ್ ತೋಟಮನೆಯನ್ನು ನೋಡುವ ಬಗೆ

ಉಡುಪಿಯ ಗುತ್ತಿನ ಮನೆಗಳ ಚಾವಡಿ, ಅಂಗಳಗಳನ್ನು ಬಲ್ಲವರು ಇರಾನಿನ ಯಜ್ದ್ ನಗರದ ದೌಲತಾಬಾದ್ ತೋಟಮನೆಯನ್ನು ನೋಡುವಾಗ, ಮೊದಲು ಗೋಡೆಗಳನ್ನಲ್ಲ, ನೀರಿನ ದಾರಿಯನ್ನು ಗುರುತಿಸಿಕೊಳ್ಳಬೇಕು. 18ನೆಯ ಶತಮಾನದಲ್ಲಿ ಯಜ್ದ್‌ನ ಆಡಳಿತಗಾರ ಮೊಹಮ್ಮದ್ ತಖಿ ಖಾನ್ ಕಟ್ಟಿಸಿದ ಈ ಮರುಭೂಮಿಯ ತೋಟಕ್ಕೆ ಬೆಟ್ಟದ ತಪ್ಪಲಿನ ಅಂತರ್ಜಲವನ್ನು ಕನಾತ್ ಎಂಬ ನೆಲದಡಿಯ ಕಾಲುವೆಯು ಕೇವಲ ಇಳಿಜಾರಿನ ಬಲದಿಂದ ತಂದಿತು. ದಕ್ಷಿಣ ಕನ್ನಡದ ಅಡಿಕೆ ತೋಟಗಳಿಗೆ ನೀರು ತರಲು ಗುಡ್ಡದಲ್ಲಿ ಕೊರೆದ ಸುರಂಗಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಳಿಕ ಸುಮಾರು 33 ಮೀಟರ್ ಎತ್ತರದ, ಎಂಟು ಮುಖಗಳ ಗಾಳಿಗೋಪುರದ ಬುಡದಲ್ಲಿ ನಿಂತು, ಮೇಲಿನಿಂದ ಇಳಿಯುವ ಗಾಳಿಯು ಕೊಳದ ನೀರನ್ನು ಸೋಕಿ ತಂಪಾಗಿ ಕೋಣೆಗಳಿಗೆ ಹರಡುವ ಕ್ರಮವನ್ನು ನಿಧಾನವಾಗಿ ಗಮನಿಸಬೇಕು. ನನ್ನ ದೃಷ್ಟಿಯಲ್ಲಿ ಕಟ್ಟಡದ ನಿಜವಾದ ಜಾಣ್ಮೆ ಇರುವುದು ಇಲ್ಲಿಯೇ. 2011ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಒಂಬತ್ತು ಪರ್ಷಿಯನ್ ತೋಟಗಳಲ್ಲಿ ಇದೂ ಒಂದು. ಬಣ್ಣದ ಗಾಜಿನ ಕಿಟಕಿಗಳನ್ನು ಕೊನೆಯಲ್ಲಿ ನೋಡಿದರೆ ಸಾಕು.