ಸ್ಪೆಕ್ಟ್ರಮ್‌ನ ಕೀರಲು ದನಿ ಲ್ಯಾಪ್‌ಟಾಪಿಗೆ

ಸೋದರಮಾವ 1984ರಲ್ಲಿ ಇಂಗ್ಲೆಂಡಿನಿಂದ ತಂದ 48ಕೆ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರ್ ನಮ್ಮ ಮನೆಯಲ್ಲಿ ಇನ್ನೂ ಓಡುತ್ತದೆ. ಅದಕ್ಕೆ ಯುಎಸ್‌ಬಿ ಇಲ್ಲ. ಇರುವುದು 3.5 ಮಿ.ಮೀ.ನ ಎರಡು ತೂತು: ಇಯರ್, ಮೈಕ್. ಪ್ರೋಗ್ರಾಮನ್ನು ಅದು ಸದ್ದು ಮಾಡಿ ಕ್ಯಾಸೆಟ್ಟಿಗೆ ಕಳಿಸುತ್ತದೆ. ಟೇಪ್ ರೆಕಾರ್ಡರ್ ಜಾಗದಲ್ಲಿ ಲ್ಯಾಪ್‌ಟಾಪ್ ಇಡಿ, ಅಷ್ಟೇ. ಅದಕ್ಕೆ ಒಂದೇ ತೂತಿದ್ದರೆ ಮೈಕ್, ಹೆಡ್‌ಫೋನ್ ಬೇರೆಬೇರೆ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತನ್ನಿ.

ಸ್ಪೆಕ್ಟ್ರಮ್‌ಗೆ ಕಳಿಸುವುದು ಸುಲಭ. ಟ್ಯಾಪ್ ಫೈಲನ್ನು (ಕ್ಯಾಸೆಟ್ಟಿನಲ್ಲಿರುವುದನ್ನೇ ಫೈಲ್ ಮಾಡಿಟ್ಟದ್ದು) ಫ್ಯೂಸ್ ಎಮ್ಯುಲೇಟರಿನವರ (ಸ್ಪೆಕ್ಟ್ರಮ್‌ನಂತೆ ನಟಿಸುವ ಸಾಫ್ಟ್‌ವೇರ್) ಟೇಪ್2ವೇವ್‌ನಿಂದ ವೇವ್, ಅಂದರೆ ಸದ್ದಿನ ಫೈಲ್, ಮಾಡಿಕೊಳ್ಳಿ. ಹೆಡ್‌ಫೋನ್ ತೂತಿನಿಂದ ಇಯರ್‌ಗೆ ಕೇಬಲ್ ಹಾಕಿ. ಜೆ ಒತ್ತಿದರೆ ಲೋಡ್ ಬರುತ್ತದೆ. ಸಿಂಬಲ್ ಶಿಫ್ಟ್ ಹಿಡಿದು ಪಿ ಎರಡು ಸಲ (ಎರಡು ಕೋಟ್ ಗುರುತು ಬರುತ್ತವೆ), ಆಮೇಲೆ ಎಂಟರ್. ಈಗ ವೇವ್ ಹಾಕಿ. ಪರದೆಯ ಅಂಚಿನಲ್ಲಿ ಮೊದಲು ಕೆಂಪು-ತಿಳಿನೀಲಿ ಪಟ್ಟಿ, ಆಮೇಲೆ ನೀಲಿ-ಹಳದಿ ಪಟ್ಟಿ ಓಡಬೇಕು. ಓಡದಿದ್ದರೆ ವಾಲ್ಯೂಮ್ ಜಾಸ್ತಿ ಮಾಡಿ. ದೊಡ್ಡ ಆಟಕ್ಕೆ ಸುಮಾರು 5 ನಿಮಿಷ ಬೇಕು. ನಡುವೆ ಮೆಸೇಜಿನ ಒಂದು ಟಿಣ್ ಸದ್ದು ಸಾಕು, ಎಲ್ಲಾ ಮೊದಲಿಂದ. ನೋಟಿಫಿಕೇಶನ್ ಮುಚ್ಚಿಯೇ ಕೂರಿ.

ಸ್ಪೆಕ್ಟ್ರಮ್‌ನಿಂದ ಲ್ಯಾಪ್‌ಟಾಪಿಗೆ ತರುವುದಕ್ಕೇ ತಾಳ್ಮೆ ಬೇಕು. ಅಕ್ಕ ಹೈಸ್ಕೂಲಿನಲ್ಲಿ ಬರೆದ ಮಗ್ಗಿ ಪ್ರೋಗ್ರಾಮ್ ಒಂದೇ ಒಂದು ಕ್ಯಾಸೆಟ್ಟಿನಲ್ಲಿತ್ತು. ಹಳೇ ಕ್ಯಾಸೆಟ್ಟನ್ನು ನೇರವಾಗಿ ರೆಕಾರ್ಡ್ ಮಾಡಬೇಡಿ. ಅದು ಸ್ಪೆಕ್ಟ್ರಮ್‌ನಲ್ಲಿ ಲೋಡ್ ಆಗುತ್ತದೆ ಅಂದರೆ ಅಲ್ಲಿಂದ ಮತ್ತೆ ಸೇವ್ ಮಾಡಿ. ಟೇಪಿನ ಗೊರಗೊರ ಇಲ್ಲದ ಹೊಸ ಸದ್ದು ಸಿಗುತ್ತದೆ.

ಸ್ಪೆಕ್ಟ್ರಮ್‌ನ ಮೈಕ್‌ನಿಂದ ಲ್ಯಾಪ್‌ಟಾಪಿನ ಮೈಕ್‌ಗೆ ಕೇಬಲ್ ಹಾಕಿ. ಇಯರ್‌ನ ಕೇಬಲ್ ಕಿತ್ತಿಡಿ. ಸದ್ದು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ 44,100 ಹರ್ಟ್ಸ್, ಮೋನೋ ಇಡಿ. ಸ್ಪೆಕ್ಟ್ರಮ್‌ನಲ್ಲಿ ಎಸ್ ಒತ್ತಿ (ಸೇವ್ ಬರುತ್ತದೆ), ಕೋಟ್ ಗುರುತಿನೊಳಗೆ 10 ಅಕ್ಷರ ಮೀರದ ಹೆಸರು ಕೊಟ್ಟು, ಎಂಟರ್ ಒತ್ತಿ. ರೆಕಾರ್ಡಿಂಗ್ ಶುರು ಮಾಡಿದ ಮೇಲೆ ಯಾವುದಾದರೂ ಕೀ ಒತ್ತಿ. ಮೀಟರ್ ತುದಿ ಮುಟ್ಟಬಾರದು. ಲ್ಯಾಪ್‌ಟಾಪಿನ ನಾಯ್ಸ್ ಸಪ್ರೆಶನ್ ಮೊದಲೇ ಆಫ್ ಮಾಡಿ. ನಾನು ಮರೆತಿದ್ದೆ. ಶುರುವಿನ 5 ಸೆಕೆಂಡಿನ ಒಂದೇ ಸಮನೆಯ ಕೂಗನ್ನು ಅದು ಗಲಾಟೆ ಅಂದುಕೊಂಡು ಅಳಿಸಿಬಿಟ್ಟಿತ್ತು. ಫೈಲನ್ನು ವೇವ್ ಆಗಿಯೇ ಇಡಿ, ಎಂಪಿ3 ಬೇಡ.

ಸ್ಪೆಕ್ಟ್ರಮ್ ಆಫ್ ಮಾಡುವ ಮುಂಚೆ ವೆರಿಫೈ, ಅಂದರೆ ರೆಕಾರ್ಡಿಂಗನ್ನು ಮೆಮೊರಿಯಲ್ಲಿರುವ ಪ್ರೋಗ್ರಾಮಿಗೆ ಹೋಲಿಸಿ ನೋಡುವುದನ್ನು, ಮಾಡಲೇಬೇಕು. ಇಯರ್‌ಗೆ ಕೇಬಲ್ ಹಾಕಿ. ಕ್ಯಾಪ್ಸ್ ಶಿಫ್ಟ್, ಸಿಂಬಲ್ ಶಿಫ್ಟ್ ಒಟ್ಟಿಗೆ ಒತ್ತಿ ಬಿಡಿ, ಆಮೇಲೆ ಸಿಂಬಲ್ ಶಿಫ್ಟ್ ಜೊತೆ ಆರ್; ವೆರಿಫೈ ಬರುತ್ತದೆ. ಎರಡು ಕೋಟ್ ಗುರುತು, ಎಂಟರ್. ರೆಕಾರ್ಡಿಂಗ್ ಕೇಳಿಸಿ. ‘ಓಕೆ’ ಬಂದರೆ ಗೆದ್ದಿರಿ. ‘ಟೇಪ್ ಲೋಡಿಂಗ್ ಎರರ್’ ಬಂದರೆ ಮತ್ತೆ ಸೇವ್. ಪ್ರೋಗ್ರಾಮ್ ಇನ್ನೂ ಮೆಮೊರಿಯಲ್ಲಿ ಇರುತ್ತದೆ, ಅಲ್ವಾ? ಕೊನೆಗೆ ಫ್ಯೂಸ್‌ನವರದೇ ಆಡಿಯೋ2ಟೇಪ್‌ನಿಂದ ವೇವನ್ನು ಟ್ಯಾಪ್ ಫೈಲ್ ಮಾಡಿ.

ಅಕ್ಕನ ಮಗ್ಗಿ 3 ಕೆಬಿಯೂ ಆಗಲಿಲ್ಲ. ಮೊನ್ನೆ ಅವಳ ಫೋನಿಗೆ ಕಳಿಸಿದೆ.